ನಾಲ್ಕನೇ ಮಹಡಿಗೆ ಹೋಗಬೇಕಾದ ಸುದ್ದಿ

ತಿಕಿಮ್ತ್ ತಿಂಗಳು ೨೧, ಮಾರ್ಯಾಮಳ ದಿನ

ಜೆನೆಬೆಚ್,

ಈ ಕಾಗದವನ್ನು ಅಬ್ಬಾ ತೆಕ್ಲೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಪಾಪ ಕೇಳಿಸಿಕೊಳ್ಳುವ ಪಾದ್ರಿ, ಪಾಪ, ಸರ್ಕಾರ ನಮ್ಮ ಓಣಿ ಕೆಡವಿದ ಮೇಲೆ ಚೆಲ್ಲಾಪಿಲ್ಲಿಯಾದ ತಮ್ಮ ಧರ್ಮದ ಮಕ್ಕಳನ್ನು ಹುಡುಕಿಕೊಂಡು ಅಡಿಸ್ ಅಬಾಬಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸು ಬದಲಿಸಿ ಬದಲಿಸಿ ಓಡಾಡುತ್ತಿದ್ದಾರೆ. ನಾಲ್ಕು ಮಹಡಿ ಹತ್ತಿ ಬಂದವರು ಹೊಸ್ತಿಲಲ್ಲೇ ಕುಸಿದು ಕೂತು, "ಸ್ವರ್ಗಕ್ಕೆ ಇನ್ನೆಷ್ಟು ಮೆಟ್ಟಿಲು ಉಳಿದಿದೆಯಮ್ಮಾ ಅಸ್ಕಾಲೆ?" ಎಂದು ಕೇಳಿದರು. ಫೋನು ಮಾಡೋಣವೆಂದರೆ ಹಿಟ್ಟಿನ ಗಿರಣಿಯ ಸದ್ದು ನಿನ್ನ ಕಿವಿಯನ್ನು ತಿಂದು ಹಾಕಿದೆ. ಹೋದ ಸಲ ನಾನು ಅರಚಿದ್ದು ಕೆಳಗಿನ ಮೂರು ಮಹಡಿಗೂ ಕೇಳಿತು, ನಿನಗೊಬ್ಬಳಿಗೆ ಕೇಳಲಿಲ್ಲ. ಸೈನಿಕರ ಆಳ್ವಿಕೆಯಲ್ಲಿ ನಮ್ಮಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಬಲವಂತವಾಗಿ ಕಲಿಸಿದ ಅಕ್ಷರ ಈಗ ಉಪಯೋಗಕ್ಕೆ ಬಂತು ನೋಡು.

ಮನೆ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಗೋಡೆ ನೆಟ್ಟಗಿದೆ. ಸೂರು ಸೋರುವುದಿಲ್ಲ. ಕಕ್ಕಸು ಮನೆಯೊಳಗೇ ಇದೆ. ನಲ್ಲಿ ತಿರುಗಿಸಿದರೆ ಮಾತ್ರ ನಿಟ್ಟುಸಿರು ಬರುತ್ತದೆ, ನೀರು ಬರುವುದಿಲ್ಲ. ನೆಲಕ್ಕೆ ಹೊಳೆಯುವ ಕಲ್ಲು ಹಾಸಿ ಒರೆಸಲು ನೀರು ಕೊಡದವರಿಗೆ ಏನೆನ್ನಬೇಕು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮೆಣಸು ಕುಟ್ಟಲು ಜಾಗವಿಲ್ಲ. ಒಮ್ಮೆ ಒರಳನ್ನು ಹಜಾರದಲ್ಲಿಟ್ಟು ಕುಟ್ಟಿದ್ದಕ್ಕೆ ಕೆಳಗಿನ ಮನೆಯ ಗಂಡಸು ಮೇಲೆ ಬಂದು, "ಅಮ್ಮಾ, ಭೂಕಂಪ ಆಗ್ತಿದ್ಯಾ ಅಂತ ನೋಡೋಕೆ ಬಂದೆ" ಎಂದ. ನಗುತ್ತಲೇ ಹೇಳಿದ, ಆದರೆ ಅವನು ಇಳಿದು ಹೋದ ಮೇಲೆ ನಾನು ಕುಟ್ಟಲಿಲ್ಲ.

ನನ್ನ ಗಂಡನ ಹೆಸರಿನಲ್ಲಿ ಸರ್ಕಾರಿ ಬಾಡಿಗೆ ಮನೆ ಇದ್ದದ್ದಕ್ಕೆ ನನಗೆ ಇದು ಸಿಕ್ಕಿತು. ನೀನು ಪಕ್ಕದ ಕೋಣೆಯಲ್ಲಿ ನನ್ನ ಸೂರಿನ ಕೆಳಗೇ ಇದ್ದವಳು, ನನ್ನ ತಮ್ಮ ಮೆರ್ಶಾ ಅಡುಗೆಮನೆಗೆ ಒತ್ತಿ ಕಟ್ಟಿದ ತಗಡಿನ ಕೆಳಗಿದ್ದವನು. ನಿಮ್ಮಿಬ್ಬರಿಗೂ ಏನೂ ಇಲ್ಲ ಎಂದರು. ಇಬ್ಬರಿಗೂ ನನ್ನ ಜೊತೆ ಬನ್ನಿ ಎಂದೆ. ಅವನು ಗಡಿಯ ಕಡೆ ಎಳ್ಳು ಕೊಯ್ಯಲು ಹೋದ. ನೀನು ಗಿರಣಿಯ ಹಿಂದಿನ ಕೋಣೆ ಹಿಡಿದೆ. ಎಲ್ಲರಿಗೂ ನನ್ನ ಮನೆಗಿಂತ ಬೇರೆ ಮನೆಯೇ ಬೇಕಾಯಿತು. ಇರಲಿ ಬಿಡು.

ಮೆರ್ಶಾನಿಂದ ಸುದ್ದಿ ಇದ್ದರೆ ತಿಳಿಸು. ಅವನು ಅಕ್ಕನಿಗೆ ಬರೆಯುವುದಿಲ್ಲ, ಗಿರಣಿಗೆ ಬರೆಯುತ್ತಾನೆ. ಗಿರಣಿಯಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿಲ್ಲವೇ?

ಇಂತಿ,
ಮುಗಿಲಿಗೆ ಹತ್ತಿರ, ಮನುಷ್ಯರಿಗೆ ದೂರ ಇರುವ
ಅಸ್ಕಾಲೆ


ಹಿದಾರ್ ೬

ಅಸ್ಕಾಲೆ,

ನಿನ್ನ ಕಾಗದವನ್ನು ಅಬ್ಬಾ ನನ್ನ ಕೈಗೆ ಕೊಡುವ ಮೊದಲು ಎರಡು ಇಂಜೆರಾ, ಒಂದು ಬಟ್ಟಲು ಬೇಳೆ ಸಾರು ಮುಗಿಸಿದರು. ಅಂಚೆಯವರಿಗಿಂತ ಇವರು ದುಬಾರಿ ಕಣೇ.

ನಮ್ಮ ಸಂದಿನಲ್ಲಿ ಈಗ ಗಿರಣಿ ಒಂದೇ ನಿಂತಿದೆ. ಮಿಕ್ಕಿದ್ದಕ್ಕೆಲ್ಲ ಹಸಿರು ತಗಡಿನ ಬೇಲಿ ಹಾಕಿ, ಅದರ ಮೇಲೆ ಗಾಜಿನ ಕಟ್ಟಡದ ಚಿತ್ರ ಅಂಟಿಸಿದ್ದಾರೆ. ಚಿತ್ರದಲ್ಲಿ ತೆಳ್ಳನೆಯ ಹೆಂಗಸೊಬ್ಬಳು ಕಾಫಿ ಕುಡಿಯುತ್ತಾ ನಿಂತಿದ್ದಾಳೆ, ಸರಿಯಾಗಿ ನಿನ್ನ ಕಕ್ಕಸಿದ್ದ ಜಾಗದಲ್ಲಿ. ದಾಟುವಾಗಲೆಲ್ಲ ನನಗೆ ನಗು ಬರುತ್ತದೆ. ಸಾವಿನ ಮನೆಗೆ ಒದಗುವ ನಮ್ಮ ಸಂಘವಾದ ಇದ್ದಿರ್‌ನ ಡೇರೆ, ಬೆಂಚು, ದೊಡ್ಡ ಹಂಡೆಗಳನ್ನು ಇಡಲು ಜಾಗವಿಲ್ಲವೆಂದು ಹಿರಿಯರಾದ ಆತೊ ವುಬ್ಶೆತ್ ಗಿರಣಿಯ ಉಗ್ರಾಣದಲ್ಲಿ ತಂದು ಹಾಕಿದ್ದಾರೆ. ಯಾರ ಮನೆಯ ಸಾವಿಗೂ ಆ ಡೇರೆ ಎದ್ದು ಎಷ್ಟೋ ದಿನವಾಯಿತು. ಯಾರೂ ಸತ್ತಿಲ್ಲವೆಂದಲ್ಲ, ಸತ್ತದ್ದು ಯಾರಿಗೂ ತಿಳಿಯುತ್ತಿಲ್ಲ.

ನಾನು ನಿನ್ನ ಮನೆಗೆ ಬಾರದ್ದಕ್ಕೆ ಮುನಿಸಿಕೊಳ್ಳಬೇಡ. ಅಲ್ಲಿಂದ ಗಿರಣಿಗೆ ಬಂದು ಹೋಗುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಕೆಲಸ ಬಿಟ್ಟು ನಿನ್ನ ಅನ್ನ ತಿಂದು ಕೂರಲು ನನಗೆ ಬರುವುದಿಲ್ಲ. ನಿನಗೂ ಅದು ಗೊತ್ತು.

ಮೆರ್ಶಾ ಬರೆದಿದ್ದಾನೆ. ನಿನಗೆ ಬೇಕಾದದ್ದು ಇಷ್ಟೇ: ಆರೋಗ್ಯವಾಗಿದ್ದಾನೆ, ಕೊಯ್ಲು ಮುಗಿಸಿ ಟಿಮ್ಕತ್ ಹಬ್ಬಕ್ಕೆ ಬರುತ್ತಾನೆ. ಮಿಕ್ಕಿದ್ದು ನಿನಗೆ ಬೇಡ.

ನಿನ್ನ
ಜೆನೆಬೆಚ್


ಹಿದಾರ್ ೨೪

ಇದ್ದಿರ್‌ನ ಹಿರಿಯರಾದ ಆತೊ ವುಬ್ಶೆತ್ ಅವರಿಗೆ ಜೆನೆಬೆಚ್ ಮಾಡುವ ನಮಸ್ಕಾರಗಳು.

ನೀವು ಊರಿನ ಪಶ್ಚಿಮದ ತುದಿಗೆ ಹೋದ ಮೇಲೆ ನಿಮ್ಮನ್ನು ಕಂಡಿಲ್ಲ. ಕಂಡು ಹೇಳಬೇಕಾದ ಮಾತನ್ನು ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಮನೆಯವರಲ್ಲ, ಹಿರಿಯರು. ಅದಕ್ಕೆ ನಿಮಗೆ ಬರೆಯಬಹುದು ಎಂದುಕೊಂಡೆ.

ಅಸ್ಕಾಲೆಯ ತಮ್ಮ ಮೆರ್ಶಾ ಇನ್ನಿಲ್ಲ. ಎಳ್ಳಿನ ಹೊಲದಲ್ಲಿ ಜ್ವರ ಹಿಡಿದು ಒಂದು ವಾರದಲ್ಲಿ ಹೋದನಂತೆ. ಅಲ್ಲಿನ ಗೇಬ್ರಿಯೇಲನ ಚರ್ಚಿನಲ್ಲಿ ಮಣ್ಣು ಮಾಡಿದ್ದಾರೆ. ಜೊತೆಗೆ ಕೊಯ್ಯುತ್ತಿದ್ದವನೊಬ್ಬ ಅವನ ಹೊದಿಕೆಯನ್ನು ತಂದು ನನಗೆ ಕೊಟ್ಟು ಹೋದ. ಅವನಿಗೆ ಗೊತ್ತಿದ್ದದ್ದು ಗಿರಣಿಯ ವಿಳಾಸ ಒಂದೇ. ನಮ್ಮ ಓಣಿಯಲ್ಲಿ ಇನ್ನು ಯಾವ ವಿಳಾಸ ಉಳಿದಿದೆ?

ಈಗ ಅಕ್ಕನಿಗೆ ಹೇಳಬೇಕು. ದೂರದ ಸಾವನ್ನು ಕಾಗದದಲ್ಲಿ ಬರೆಯಬಾರದು, ಫೋನಿನಲ್ಲಿ ಹೇಳಬಾರದು. ಬೆಳಕು ಹರಿಯುವ ಮುಂಚೆ ನೆರೆಹೊರೆಯವರೆಲ್ಲ ಗುಂಪಾಗಿ ಬಾಗಿಲಿಗೆ ಹೋಗಿ, ಬಿದ್ದರೆ ಹಿಡಿಯಲು ಕೈಗಳಿರುವಾಗ ಹೇಳಬೇಕು. ಎಷ್ಟು ಬಾಗಿಲಿಗೆ ನೀವೇ ಮುಂದಾಗಿ ಹೋಗಿ ಸಾವಿನ ಸುದ್ದಿಯ ಮೆರ್ದೋ ಹೇಳಿದ್ದೀರಿ, ನಿಮಗೆ ನಾನೇನು ಹೇಳಲಿ! ನಮ್ಮವರನ್ನು ಒಂದು ಬೆಳಗ್ಗೆ ಕೂಡಿಸಿ. ನಾನು ಡೇರೆಯ ಧೂಳು ಕೊಡವಿ ಇಟ್ಟಿರುತ್ತೇನೆ.

ನಿಮ್ಮ ಮಾತಿಗೆ ಕಾದಿರುವ
ಜೆನೆಬೆಚ್


ತಹ್ಸಾಸ್ ೩

ಮಗಳೇ ಜೆನೆಬೆಚ್,

ನಿನ್ನ ಕಾಗದ ಓದಿ ನನ್ನ ಹೆಂಡತಿಗೂ ಹೇಳದೆ ಹೊರಗೆ ಹೋಗಿ ಕೂತೆ. ಮೆರ್ಶಾ ನಮ್ಮ ಡೇರೆಯ ನಡುಗಂಬ ಹಿಡಿಯುತ್ತಿದ್ದವನು. ಎಷ್ಟೇ ಗಾಳಿ ಬರಲಿ, ಅವನು ಹಿಡಿದ ಕಂಬ ವಾಲಿದ್ದನ್ನು ನಾನು ಕಾಣೆ.

ಕೂಡಿಸಿ ಎಂದು ಬರೆದಿದ್ದೀಯ. ಯಾರನ್ನು ಕೂಡಿಸಲಿ? ಕೆಲವರು ಉತ್ತರಕ್ಕೆ, ಕೆಲವರು ಪೂರ್ವಕ್ಕೆ. ಸಾವು ಸಾರುತ್ತಾ ಓಣಿ ಓಣಿ ತಿರುಗಿ ಕಹಳೆ ಊದುತ್ತಿದ್ದ ಮುದುಕ ಮಗಳ ಮನೆಗೆ ಹೋದ. ಈಗ ಅವನು ಊದಿದರೂ ಕೇಳುವವರು ಯಾರು? ಆದರೂ ಏಳೆಂಟು ಜನರನ್ನು ಒಪ್ಪಿಸಿದೆ. ಆಮೇಲೆ ದಾರಿ ಲೆಕ್ಕ ಹಾಕಿದೆವು. ಮೊದಲ ಬಸ್ಸಿಗೆ ಹೊರಟು, ಇನ್ನೊಂದು ಹಿಡಿದು, ಕೊನೆಯ ನಿಲ್ದಾಣದಿಂದ ನಡೆದು ಅಸ್ಕಾಲೆಯ ಕಟ್ಟಡ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಅವಳು ನೀರಿಗೋ ಸಂತೆಗೋ ಹೋಗಿರುತ್ತಾಳೆ. ನಡುಬೀದಿಯಲ್ಲಿ, ತರಕಾರಿ ಚೀಲ ಕೈಯಲ್ಲಿ ಹಿಡಿದವಳಿಗೆ ಹೇಳುವುದೇ? "ಹಿಂದಿನ ಸಂಜೇನೇ ಹೋಗಿಬಿಡೋಣ" ಎಂದ ಒಬ್ಬ. "ಹೋಗಿ ಎಲ್ಲಿ ಮಲಗ್ತೀಯೋ? ಅಲ್ಲಿ ನಮಗೆ ಗೊತ್ತಿರೋ ಮನೆ ಅವಳದ್ದೊಂದೇ!" ಎಂದೆ.

ಅಬ್ಬಾ ತಾವೊಬ್ಬರೇ ಹೋಗಿ ಹೇಳುತ್ತೇನೆ ಎಂದರು. ಬೇಡವೆಂದೆ. ಅವರು ಎಷ್ಟು ಹೊತ್ತು ಕೂರುತ್ತಾರೆ? ಅವರು ಎದ್ದು ಬಂದ ಮೇಲೆ ಆ ಕಬ್ಬಿಣದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಅವಳು, ಅವಳ ತಮ್ಮನ ಸಾವು, ಎರಡೇ. ಹಿಡಿಯುವವರಿಲ್ಲದ ಕಡೆ ಸುದ್ದಿ ಹೇಳುವುದೂ ಬಾವಿಗೆ ತಳ್ಳುವುದೂ ಒಂದೇ.

ಆ ಮೆಟ್ಟಿಲ ಮೇಲೆ ನಾಲ್ಕು ಜನ ಮನುಷ್ಯರು ಇದ್ದೇ ಇರುತ್ತಾರೆ. ಅವರು ಯಾರು, ಅವರ ಹೆಸರೇನು, ಅವಳಿಗೂ ಅವರಿಗೂ ಮಾತಿದೆಯೇ, ಅದನ್ನು ತಿಳಿದುಕೋ. ಬೆಳಗ್ಗೆ ಅವರು ಬಾಗಿಲಿಗೆ ಹೋಗಲಿ, ಮಧ್ಯಾಹ್ನಕ್ಕೆ ನಾವು ಡೇರೆ ಹೊತ್ತು ಬರುತ್ತೇವೆ. ಅಲ್ಲಿಯವರೆಗೆ ನೀನು ಕಪ್ಪು ಉಡಬೇಡ, ಯಾರ ಮುಂದೂ ಅಳಬೇಡ.

ವುಬ್ಶೆತ್


ತಹ್ಸಾಸ್ ೧೨, ಮೀಕಾಯೇಲನ ದಿನ

ಅಸ್ಕಾಲೆ,

ಹೇಗಿದ್ದೀಯ? ಬಾಗಿಲಿಗೆ ಬೆನ್ನು ಕೊಟ್ಟು, ಕಿಟಕಿಯ ಕಡೆ ಮುಖ ಹಾಕಿಕೊಂಡು ಕೂತಿರುತ್ತೀಯ. ನನಗೆ ಗೊತ್ತು ನಿನ್ನ ಬುದ್ಧಿ.

ಎದುರು ಮನೆಯಲ್ಲಿ ಯಾರಿದ್ದಾರೆ? ಭೂಕಂಪದ ಗಂಡಸಿನ ಹೆಸರೇನು? ಮೂರು ತಿಂಗಳಾಗುತ್ತಾ ಬಂತು, ಒಬ್ಬರ ಹೆಸರನ್ನೂ ನೀನು ಬರೆದಿಲ್ಲ. ಹಳೆಯ ಅಂಗಳದಲ್ಲಿ ಹೊಸಬರು ಬಂದು ಚಾಪೆ ಬಿಚ್ಚುವ ಮೊದಲೇ ಅವರ ಅಜ್ಜಿಯ ಊರು ಕೇಳಿ ತಿಳಿದುಕೊಳ್ಳುತ್ತಿದ್ದವಳು ನೀನು. ಬಾಗಿಲು ತೆರೆದಿಟ್ಟು ಹಸಿ ಹುಲ್ಲು ಹಾಸಿ ಕಾಫಿ ಹುರಿ. ಹೊಗೆ ಹೊರಗೆ ಹೋದರೆ ಜನ ಒಳಗೆ ಬರುತ್ತಾರೆ. ದೂರದ ನೆಂಟನಿಗಿಂತ ಹತ್ತಿರದ ನೆರೆಯವನೇ ಮೇಲು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆಯಲ್ಲ, ಆ ಮಾತನ್ನು ಲಾರಿಗೆ ಹೇರುವಾಗ ಎಲ್ಲಾದರೂ ಬೀಳಿಸಿಕೊಂಡೆಯಾ?

ಮೆರ್ಶಾ ಬರೆದಿಲ್ಲ.

ಕಾಫಿಗೆ ಕರೆದೆ ಎಂದು ಮುಂದಿನ ಕಾಗದದಲ್ಲಿ ಬರೆಯಬೇಕು. ಇಲ್ಲದಿದ್ದರೆ ನಿನ್ನ ಜೊತೆ ಮಾತಿಲ್ಲ.

ಜೆನೆಬೆಚ್


ತಹ್ಸಾಸ್ ೨೫

ಜೆನೆಬೆಚ್,

ನಿನ್ನ ಅಪ್ಪಣೆಯಂತೆ ಕಾಫಿ ಆಯಿತು. ಕೇಳು.

ಭಾನುವಾರ ಚರ್ಚಿನಿಂದ ಬಂದವಳೇ ಬಾಗಿಲು ಹಾರು ಹೊಡೆದೆ. ಹುಲ್ಲನ್ನು ಕೊಂಡು ತಂದೆ ಕಣೇ, ಹುಲ್ಲನ್ನೂ ಕೊಳ್ಳುವ ಕಾಲ ಬಂತು! ಬಿಳಿ ಶಾಲು, ನನ್ನ ಒಳ್ಳೆಯ ನೆಟೆಲಾ ಹೊದ್ದು, ಧೂಪ ಹಾಕಿ, ಬಟ್ಟಲು ಜೋಡಿಸಿ ಹುರಿದೆ. ಘಮ ಇಡೀ ಕಟ್ಟಡಕ್ಕೆ ಹಬ್ಬಿತು. ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲೊಬ್ಬಳು ಇದ್ದಾಳೆ, ಬಿಗಿ ಪ್ಯಾಂಟು ಹಾಕುತ್ತಾಳೆ, ಯಾವುದೋ ಕಚೇರಿಯ ಕೌಂಟರಿನಲ್ಲಿ ಕೆಲಸ. ಕಿವಿಗೆ ಫೋನು ಒತ್ತಿಕೊಂಡೇ ಬಂದಳು, ನನ್ನ ಕಡೆ ನೋಡಿ ತಲೆ ಆಡಿಸಿದಳು, ಮೆಟ್ಟಿಲಿಳಿದು ಹೋದಳು. ಮೊದಲ ಸುತ್ತಿನ ಕಾಫಿ ಕುಡಿದೆ. ಎರಡನೇ ಸುತ್ತಿನದನ್ನೂ ಕುಡಿದೆ. ಕೊನೆಗೆ ಒಬ್ಬರು ಬಂದರು. ಯಾರು ಗೊತ್ತೇ? ಕಾವಲುಗಾರ. "ಅಮ್ಮಾ, ಏನಾದ್ರೂ ಹೊತ್ಕೊಂಡಿದ್ಯಾ? ಕೆಳಗಿನವ್ರು ಹೊಗೆ ಅಂತಿದಾರೆ." ಕೂತು ಕುಡಿದು ಹೋಗಪ್ಪ ಎಂದೆ. "ಗೇಟು ಬಿಟ್ಟು ಬರೋಹಂಗಿಲ್ಲಮ್ಮ" ಎಂದು ಹೋದ. ಮೂರನೇ ಸುತ್ತು ಆಶೀರ್ವಾದದ್ದಲ್ಲವೇ, ಒಬ್ಬಳೇ ಕೂತು ಯಾರಿಗೆ ಹರಸಲಿ? ಚೆಲ್ಲಿದೆ. ಆಮೇಲೆ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.

ಇನ್ನು ನನ್ನ ನೆರೆಯವರ ಮಾತು ಎತ್ತಬೇಡ. ಮೊದಲೆಲ್ಲ ನನ್ನ ಮಂಡಿ ನೋವು ಕೇಳುತ್ತಿದ್ದೆ, ಈಗ ಕಾಣದವರ ಹೆಸರು ಕೇಳುತ್ತೀಯ. ಟಿಮ್ಕತ್‌ಗೆ ಮೆರ್ಶಾ ಬರಲಿ. ಅವನು ಮೆಟ್ಟಿಲು ಹತ್ತುವ ಸದ್ದಿಗೇ ಈ ಕಟ್ಟಡಕ್ಕೆ ಜೀವ ಬರುತ್ತದೆ. ಅವನಿಗೆ ಮಂಚ ಹಾಕಿಸಿದ್ದೇನೆ. ಈ ಸಲ ಬಂದವನನ್ನು ಮತ್ತೆ ಹೊಲಕ್ಕೆ ಬಿಡುವುದಿಲ್ಲ. ನಿನಗೇನಾದರೂ ಅವನಿಗೆ ಹೇಳುವುದಿದ್ದರೆ ಇಲ್ಲಿಗೇ ಬಂದು ಹೇಳು, ನಾನು ಅಡುಗೆಮನೆಯಲ್ಲಿರುತ್ತೇನೆ.

ಅಸ್ಕಾಲೆ


ತಿರ್ ೧೪

ಜೆನೆಬೆಚ್,

ಟಿಮ್ಕತ್ ಆಯಿತು. ಅವನು ಬರಲಿಲ್ಲ.

ಮೂರು ದಿನವೂ ಕಿಟಕಿಯ ಹತ್ತಿರವೇ ಕೂತಿದ್ದೆ. ದೂರದಲ್ಲಿ ಜನ ಬಿಳಿ ಬಟ್ಟೆಯಲ್ಲಿ ಹಾಡುತ್ತಾ ಹೋದರು. ಮೇಲಿನಿಂದ ನೋಡಿದರೆ ಯಾರ ಮುಖವೂ ಗುರುತು ಸಿಗುವುದಿಲ್ಲ, ಎಲ್ಲರೂ ಅವನ ಹಾಗೆಯೇ ಕಂಡರು. ಅವನ ಫೋನು ಬಹಳ ದಿನದಿಂದ ಬಡಿದುಕೊಳ್ಳುತ್ತಲೇ ಇಲ್ಲ. ಅಲ್ಲಿ ಸಿಗ್ನಲ್ ಇಲ್ಲವೆಂದು ಅವನೇ ಹೇಳಿದ್ದನಲ್ಲವೇ? ಹೇಳಿದ್ದ.

ನಿನಗೂ ಬರೆದಿಲ್ಲವೇ? ನಿಜ ಹೇಳು.

ಅಸ್ಕಾಲೆ


ತಿರ್ ೨೧, ಮಾರ್ಯಾಮಳ ದಿನ

ಅಸ್ಕಾಲೆ,

ನನಗೂ ಬರೆದಿಲ್ಲ. ದೇವರಾಣೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಬಾಗಿಲ ಚಿಲಕ ಒಳಗಿನಿಂದ ಭದ್ರ ಮಾಡಿ ಮಲಗಬೇಡ, ಏನಾದರೂ ಆದರೆ ಕೂಗಿದ್ದು ಯಾರಿಗೂ ಕೇಳುವುದಿಲ್ಲ. ಆ ಪ್ಯಾಂಟಿನ ಹುಡುಗಿ ತಲೆ ಆಡಿಸಿದಳಲ್ಲ, ಅದು ಒಳ್ಳೆಯದೇ. ಇನ್ನೊಂದು ಸಲ ಕರೆ. ನನಗೋಸ್ಕರ ಕರೆ.

ಜೆನೆಬೆಚ್


ತಿರ್ ೨೨

ಆತೊ ವುಬ್ಶೆತ್ ಅವರಿಗೆ,

ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ. ನಿಜ ಹೇಳು ಎಂದು ಕೇಳಿದ್ದಾಳೆ. ಸತ್ತವನು ಬರೆದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟೆ. ಮಾತು ನಿಜವೇ, ಆದರೆ ಆ ಆಣೆ ನನ್ನ ನಾಲಿಗೆಯನ್ನು ಸುಡುತ್ತಿದೆ.

ನಿಮಗೊಂದು ಮಾತು ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಮೆರ್ಶಾ ಬಂದ ಮೇಲೆ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇರೋಣವೆಂದು ಮಾತಾಗಿತ್ತು. ಈ ವಯಸ್ಸಿನಲ್ಲಿ! ಊರು ಹೋಗು ಅನ್ನುವಾಗ, ಕಾಡು ಬಾ ಅನ್ನುವಾಗ! ನಗಬೇಡಿ. ಟಿಮ್ಕತ್ ದಿನ ಇಬ್ಬರೂ ಜೊತೆಯಾಗಿ ಹೋಗಿ ಅವಳಿಗೆ ಹೇಳುವವರಿದ್ದೆವು. ಈಗ ನಾನು ಯಾರೂ ಅಲ್ಲ. ಒಡಹುಟ್ಟಿದವಳಿಗೇ ತಿಳಿಯದ ಸಾವಿಗೆ ಪಕ್ಕದ ಮನೆಯವಳು ಅಳುವುದು ಹೇಗೆ? ಗಿರಣಿ ಓಡುವಾಗ ಅಳುತ್ತೇನೆ. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ಬೆಲ್ಟು ನಿಂತ ಕೂಡಲೇ ಮುಖದ ಹಿಟ್ಟು ಒರೆಸಿಕೊಂಡು ಗಿರಾಕಿಗಳ ಜೊತೆ ನಗುತ್ತೇನೆ.

ಏನಾದರೂ ದಾರಿ ಹೇಳಿ.

ಜೆನೆಬೆಚ್


ಯೆಕಾತಿತ್ ೯

ನನ್ನ ಜೆನೆಬೆಚ್,

ಈ ಕಾಗದ ಓದುವ ಮೊದಲು ಕೂತುಕೋ. ನಗುವಾಗ ನಿನಗೆ ಪಕ್ಕೆ ಹಿಡಿಯುತ್ತದೆ.

ಮೂರು ವಾರದಿಂದ ನಮ್ಮಲ್ಲಿ ಒಂದು ಹನಿ ನೀರಿಲ್ಲ. ಹೋದ ಗುರುವಾರ ಬೆಳಗಿನ ಜಾವ ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗೆ ಬಡಿದರು, ಗಟ್ಟಿಯಾಗಿ ಅಲ್ಲ. ಎದ್ದು ತೆರೆದೆ. ಮೆಟ್ಟಿಲ ಮೇಲೆಲ್ಲ ಜನ. ಚಳಿಗೆ ಎಲ್ಲರೂ ತಲೆಯ ಮೇಲೆ ಬಿಳಿ ನೆಟೆಲಾ ಎಳೆದುಕೊಂಡಿದ್ದಾರೆ. ಮಕ್ಕಳು ಎದ್ದಾವೆಂದು ಒಬ್ಬರೂ ಮಾತಾಡುತ್ತಿಲ್ಲ. ಮುಂದೆ ನಿಂತಿದ್ದವನು ಆ ಭೂಕಂಪದ ಗಂಡಸು. ಗಂಟಲು ಸರಿ ಮಾಡಿಕೊಂಡು, ತಲೆ ತಗ್ಗಿಸಿ, "ಅಮ್ಮಾ, ಇಷ್ಟು ಹೊತ್ತಿಗೆ ಎಬ್ಬಿಸಿದ್ದಕ್ಕೆ ಕ್ಷಮಿಸ್ಬೇಕು..." ಎಂದ.

ನನಗೆ ಇನ್ನೇನು ಕೇಳಬೇಕಿತ್ತು ಹೇಳು? ಹುಟ್ಟಿದಾಗಿನಿಂದ ಎಷ್ಟು ಮೆರ್ದೋ ನೋಡಿಲ್ಲ? "ಮೆರ್ಶಾ! ಅಯ್ಯೋ ನನ್ನ ತಮ್ಮಾ!" ಎಂದು ಕಿರುಚಿ ಅಲ್ಲೇ ನೆಲಕ್ಕೆ ಬಿದ್ದೆ. ಎದೆ ಬಡಿದುಕೊಂಡೆ, ಕೂದಲು ಕಿತ್ತುಕೊಂಡೆ. ಅವನು ಚಿಕ್ಕವನಿದ್ದಾಗ ನನ್ನ ಬೆನ್ನ ಮೇಲೆ ಮಲಗುತ್ತಿದ್ದದ್ದು, ನನ್ನ ಮದುವೆಯ ದಿನ ಬಾಗಿಲಿಗೆ ಅಡ್ಡ ಮಲಗಿ "ಅಕ್ಕನ್ನ ಕಳ್ಸಲ್ಲ" ಎಂದು ಹಟ ಹಿಡಿದದ್ದು, ಎಲ್ಲವನ್ನೂ ಹಾಡಿ ಹಾಡಿ ಅತ್ತೆ. ಆ ಜನ ಏನು ಮಾಡಿದರು ಗೊತ್ತೇ? ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಹೆಂಗಸರು ಓಡಿ ಬಂದು ನನ್ನನ್ನು ಹಿಡಿದುಕೊಂಡರು. ಗಂಡಸರು ಗೋಡೆಗೆ ಮುಖ ಮಾಡಿ ಅತ್ತರು. ಆ ಪ್ಯಾಂಟಿನ ಹುಡುಗಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತಳಲ್ಲ, ಅದು ನನ್ನ ಅಳುವನ್ನೂ ಮೀರಿಸಿತು. ಅಂಥ ಅಳು ನಾನು ನಮ್ಮ ಹಳೆಯ ಅಂಗಳದಲ್ಲೂ ಕೇಳಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಎಲ್ಲಿ ಆಯ್ತಂತೆ? ಯಾರು ಬಂದು ಹೇಳಿದ್ರು?" ಎಂದು ಕೇಳಿದೆ.

ಭೂಕಂಪದವನು ತಬ್ಬಿಬ್ಬಾದ. "ನಮಗೇನು ಗೊತ್ತಮ್ಮಾ? ನೀವೇ ಹೇಳ್ಬೇಕು. ಯಾರು ತೀರ್ಕೊಂಡ್ರು?"

"ನನಗೆ ಹೇಳೋಕೆ ಬಂದವ್ರು ನೀವಲ್ವಾ?"

"ನಾವು... ನೀರು ಬಂದಿದೆ ಅಂತ ಹೇಳೋಕೆ ಬಂದ್ವಿ."

ಜೆನೆಬೆಚ್, ಕೆದರಿದ ತಲೆಯಲ್ಲೇ ನಾನು ಎದ್ದು ಕೂತೆ. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ನಂತರ ಇಡೀ ಮೆಟ್ಟಿಲೇ ನಕ್ಕಿತು. ಕೆಳಗಿನ ನಲ್ಲಿಗೆ ನೀರು ಬಂದಾಗ ಮೇಲಿನ ಮಹಡಿಯವರನ್ನು ಬಿಟ್ಟು ಹಿಡಿಯಬಾರದೆಂದು ಹಿಂದಿನ ದಿನವಷ್ಟೇ ಎಲ್ಲರೂ ಮಾತಾಡಿಕೊಂಡಿದ್ದರಂತೆ. ನಾನು ಅಂಥ ಮಾತುಕತೆಗೆ ಹೋಗುವವಳೇ ಅಲ್ಲವಲ್ಲ! ಅತ್ತು ನಕ್ಕು ಕೆಳಗೆ ಇಳಿಯುವಷ್ಟರಲ್ಲಿ ನೀರು ನಿಂತೇ ಹೋಗಿತ್ತು. ನಾನು ನಾಚಿಕೆಯಿಂದ ಸತ್ತೆ. "ಹೋಗ್ಲಿ ಬಿಡಿ, ಇವತ್ತು ಕಣ್ಣೀರಲ್ಲೇ ಮುಖ ತೊಳೆದಾಯ್ತಲ್ಲ" ಎಂದ ಭೂಕಂಪದವನು. ಅವನ ಹೆಸರು ದಾಗ್ನೆ. ಒಳ್ಳೆಯ ಮನುಷ್ಯ. ಹೆಂಡತಿ ಬಸುರಿ, ಅದಕ್ಕೇ ಅವಳಿಗೆ ಒರಳಿನ ಸದ್ದು ಆಗಿಬರುತ್ತಿರಲಿಲ್ಲವಂತೆ.

ನನ್ನ ಡಬ್ಬದಲ್ಲಿ ಉಳಿದಿದ್ದ ನೀರಿಗೆ ಎಲ್ಲರ ಮನೆಯ ತಳದ ನೀರು ಸೇರಿಸಿ ಕಾಫಿ ಕಾಸಿದೆ. ಕೂರಲು ಜಾಗ ಸಾಲದೆ ಮೆಟ್ಟಿಲ ಮೇಲೆಲ್ಲ ಕೂತರು. ಮೂರನೇ ಸುತ್ತೂ ಆಯಿತು, ಹರಸಿದೆ. ಎಲ್ಲರೂ ಹೋದ ಮೇಲೂ ಪ್ಯಾಂಟಿನ ಹುಡುಗಿ ಹೋಗಲಿಲ್ಲ. ಸೆಹಿನ್ ಅವಳ ಹೆಸರು. "ಯಾಕಮ್ಮಾ ಅಷ್ಟು ಅತ್ತೆ? ನನ್ನ ತಮ್ಮನ ಮುಖಾನೂ ನೀನು ನೋಡಿಲ್ಲ" ಎಂದು ಕೇಳಿದೆ. ಹೋದ ವರ್ಷ ದೆಸ್ಸಿಯಲ್ಲಿ ಅವಳ ತಾಯಿ ತೀರಿಕೊಂಡರಂತೆ. "ನನಗೆ ಫೋನಲ್ಲಿ ಹೇಳಿದ್ರಮ್ಮಾ. ಕೌಂಟರ್ ಹಿಂದೆ ಕೂತಿದ್ದೆ, ಮುಂದೆ ಸಾಲು ನಿಂತಿತ್ತು. ಸಾಲು ಮುಗಿಸಿ ಎದ್ದೆ. ಅವತ್ತಿಂದ ಅಳು ಬಂದೇ ಇರ್ಲಿಲ್ಲ" ಎಂದಳು. ಅವಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಈಗ ದಿನಾ ಸಂಜೆ ಬರುತ್ತಾಳೆ. ಪ್ಯಾಂಟು ಹಾಕಿಕೊಂಡೇ ಬರುತ್ತಾಳೆ, ಬರಲಿ ಬಿಡು.

ಬದುಕಿರುವವನಿಗೆ ಅತ್ತರೆ ಅವನ ಆಯಸ್ಸು ಹೆಚ್ಚುತ್ತದಂತೆ, ಸೆಹಿನ್ ಹೇಳಿದಳು. ಆ ಲೆಕ್ಕದಲ್ಲಿ ಮೆರ್ಶಾನಿಗೆ ನೂರು ವರ್ಷ ಗ್ಯಾರಂಟಿ. ಅವನು ಬರೆದರೆ ಅಕ್ಕ ನಿನ್ನನ್ನು ಸಾಯಿಸಿ ಬದುಕಿಸಿದಳು ಎಂದು ಬರೆ. ಹಬ್ಬದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಅವತ್ತು ಅತ್ತ ಮೇಲೆ ಇಳಿಯಿತು ಕಣೇ. ಈಗ ಬಾಗಿಲ ಹಿಂದೆಯೇ ಬಕೆಟ್ ಇಟ್ಟುಕೊಂಡು ಮಲಗುತ್ತೇನೆ. ಬೆಳಗಿನ ಜಾವ ಯಾರು ಬಾಗಿಲು ಬಡಿದರೂ ಇನ್ನು ಹೆದರುವುದಿಲ್ಲ.

ನೀನು ಹೇಳಿದ ಮಾತೇ ಸರಿಯಾಯಿತು, ನೆರೆಯವರು ಬೇಕು. ನನಗಿಂತ ನೀನೇ ಜಾಣೆ. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ.

ನಿನ್ನ
ಅಸ್ಕಾಲೆ


ಯೆಕಾತಿತ್ ೧೭

ಸೆಹಿನ್ ಅವರಿಗೆ,

ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ನೋಡಿಲ್ಲ. ಎದುರು ಮನೆಯ ಅಸ್ಕಾಲೆಯ ಹಳೆಯ ನೆರೆಯವಳು ನಾನು. ಈ ಕಾಗದ ತಂದ ಅಬ್ಬಾ ಅವಳಿಗೂ ನನಗೂ ಬೇಕಾದವರು. ಅವರು ನಿಮ್ಮ ಬಾಗಿಲಿಗೆ ಬಂದದ್ದನ್ನು ಅಸ್ಕಾಲೆಗೆ ಹೇಳಬೇಡಿ. ನಿಮ್ಮ ತಾಯಿಯ ವಿಷಯ ಅಸ್ಕಾಲೆ ಬರೆದಿದ್ದಾಳೆ. ಅದನ್ನು ಓದಿದ ಮೇಲೇ ನಿಮಗೆ ಬರೆಯುವ ಧೈರ್ಯ ಬಂತು.

ಅವಳ ತಮ್ಮ ಮೆರ್ಶಾ ನಿಜವಾಗಿಯೂ ತೀರಿಹೋಗಿದ್ದಾನೆ. ಹಿದಾರ್ ತಿಂಗಳಲ್ಲೇ ಹೋದ. ನೀವು ನೀರಿಗೆ ಕರೆಯಲು ಬಂದ ದಿನ ಅವಳು ಅತ್ತದ್ದು ಸುಳ್ಳಲ್ಲ, ಸುದ್ದಿ ಮಾತ್ರ ಇನ್ನೂ ಮುಟ್ಟಿರಲಿಲ್ಲ. ನಾವು ಹಳಬರು ಬೆಳಕು ಹರಿಯುವ ಮೊದಲು ಅಲ್ಲಿಗೆ ಬರಲಾರೆವು. ಊರು ಅಷ್ಟು ದೊಡ್ಡದಾಗಿಬಿಟ್ಟಿದೆ. ಫೋನಿನಲ್ಲಿ ಹೇಳುವುದು ಎಂಥದ್ದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬರುವ ಶನಿವಾರ ಬೆಳಗಿನ ಜಾವ ನಿಮ್ಮ ಮೆಟ್ಟಿಲಿನವರನ್ನೆಲ್ಲ ಕೂಡಿಸಿ ಅವಳ ಬಾಗಿಲಿಗೆ ಹೋಗುತ್ತೀರಾ? ಆತೊ ದಾಗ್ನೆಯವರೇ ಹೇಳಲಿ, ಅವರ ಮಾತನ್ನು ಅವಳು ನಂಬುತ್ತಾಳೆ. ಅವರ ಹೆಂಡತಿ ಬಸುರಿಯಂತೆ, ಆಕೆ ಬರುವುದು ಬೇಡ. ಹೇಳಿದ ಮೇಲೆ ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡಿ. ಆತೊ ವುಬ್ಶೆತ್ ಮತ್ತು ನಾವೆಲ್ಲ, ಬೆಳಗಿನ ಹಿಟ್ಟು ಇಳಿಸಿದ ಮೇಲೆ ಸಿಗುವ ಗಿರಣಿಯ ಲಾರಿಯಲ್ಲಿ ಡೇರೆ, ಹಂಡೆ ಹೇರಿಕೊಂಡು ಮಧ್ಯಾಹ್ನಕ್ಕೆ ಬರುತ್ತೇವೆ. ನಿಮ್ಮ ಅಂಗಳದಲ್ಲಿ ಕಾರು ನಿಲ್ಲಿಸುವ ಜಾಗ ಸ್ವಲ್ಪ ಬಿಡಿಸಿಕೊಡಿ. ಹಿಂದೆ ಒಬ್ಬ ಹೆಂಗಸು ಬರುತ್ತಾಳೆ. ಅವಳು ಒಡಹುಟ್ಟಿದವಳಿಗಿಂತ ಜೋರಾಗಿ ಅತ್ತರೆ ಯಾರೂ ಏನೂ ಕೇಳದಂತೆ ನೋಡಿಕೊಳ್ಳಿ. ಅದು ನಾನು.

ಇನ್ನೊಂದು ಮಾತು. ಬಾಗಿಲು ಬಡಿದ ಕೂಡಲೇ ಅವಳು ನಗುತ್ತಾ ತೆರೆಯುತ್ತಾಳೆ. ಕೈಯಲ್ಲಿ ಬಕೆಟ್ ಇರುತ್ತದೆ. ಮೊದಲು ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಿ.

ನಿಮ್ಮ ಹೆಸರನ್ನಷ್ಟೇ ಬಲ್ಲ
ಜೆನೆಬೆಚ್